ರಜೆಯ ದಾರಿಯಲ್ಲಿ: ಕೊಚ್ಚಿಯಲ್ಲಿ ಮೂರು ದಿನ



ಶಾಲೆಗೆ ರಜೆ ಹತ್ತಿರ ಬಂತೆಂದರೆ ನಮ್ಮಂಥ ಅಂಗಡಿ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ, ಗಲ್ಲಾದಲ್ಲಿ ಯಾರು ಕೂರುವುದು ಎಂಬುದು. ಎಲ್ಲಿಗೆ ಹೋಗುವುದು ಎಂಬ ಮಾತು ಆಮೇಲಿನದು. ಈ ಎರಡರ ನಡುವೆ ರಜೆಯೇ ಮುಗಿದುಹೋಗುತ್ತದೆ. ನಮ್ಮ ಮನೆಯಲ್ಲೂ ಹೀಗೆಯೇ ಹನ್ನೊಂದು ವರ್ಷ ಕಳೆಯಿತು. ಮದುವೆ, ಉಪನಯನ, ಶ್ರವಣಬೆಳಗೊಳದ ಯಾತ್ರೆ ಇವುಗಳಿಗೆ ಬಿಟ್ಟರೆ ಅಂಗಡಿಯ ಬಾಗಿಲು ಹಾಕಿದ್ದಿಲ್ಲ.

ಈ ಸಲ ಹೊರಡುವಂತೆ ಮಾಡಿದವರು ನಮ್ಮ ಅತ್ತೆಯವರು. ನಮ್ಮದು ವಯನಾಡಿನ ಕಾಳುಮೆಣಸು, ಕಾಫಿ ವ್ಯಾಪಾರ. ಮಾವನವರು ಮೂವತ್ತು ವರ್ಷ ಮೆಣಸಿನ ಲಾರಿಯ ಹಿಂದೆ ಘಟ್ಟ ಇಳಿದು ಕೊಚ್ಚಿಯ ಮಟ್ಟಾಂಚೇರಿಗೆ ಹೋಗಿ ಬಂದವರು. ರಾತ್ರಿ ಹೋಗಿ ಮರುರಾತ್ರಿ ಬರುತ್ತಿದ್ದರು. "ಅಲ್ಲಿ ನೋಡುವುದಕ್ಕೆ ಏನಿದೆ, ಗೋಣಿ ಮತ್ತು ತಕ್ಕಡಿ" ಎನ್ನುತ್ತಿದ್ದರಂತೆ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಕಳೆದ ಡಿಸೆಂಬರ್ ರಜೆಗೆ ಮಕ್ಕಳು ಊಟಿ, ಮೈಸೂರು ಎಂದು ಚರ್ಚೆ ಮಾಡುತ್ತಿದ್ದಾಗ ಅತ್ತೆಯವರು ಒಳಗಿನಿಂದಲೇ, "ನಿಮ್ಮ ಅಜ್ಜ ಹೋಗುತ್ತಿದ್ದ ಊರು ನಾನೊಂದು ಸಲ ನೋಡಬೇಕಿತ್ತು" ಎಂದರು. ಯಜಮಾನರು ಮರುಮಾತಿಲ್ಲದೆ ರೈಲಿನ ಟಿಕೆಟ್ ಮಾಡಿಸಿದರು.

ನಾವು ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿದು ಕೋಳಿಕ್ಕೋಡಿನಲ್ಲಿ ರೈಲು ಹತ್ತಿದೆವು. ಕಾಸರಗೋಡಿನ ಬಂಧುಗಳಿಗೆ ಕರಾವಳಿಯ ನೇರ ರೈಲುಗಳಿವೆ. ಸೋಲಾಪುರ, ಆದೋನಿ ಕಡೆಯವರಿಗೆ ಪುಣೆ–ಕನ್ಯಾಕುಮಾರಿ ರೈಲು ಅನುಕೂಲ. ಒಂದು ಮಾತು ನೆನಪಿಡಿ. ಎರ್ನಾಕುಳಂನಲ್ಲಿ ಎರಡು ನಿಲ್ದಾಣಗಳಿವೆ. ಕೊಟ್ಟಾಯಂ ಮಾರ್ಗದ ಹಲವು ರೈಲುಗಳು ಟೌನ್ ನಿಲ್ದಾಣದಲ್ಲಿ ಮಾತ್ರ ನಿಲ್ಲುತ್ತವೆ. ಜನ ಅದನ್ನು ನಾರ್ತ್ ಎನ್ನುತ್ತಾರೆ. ಆಲಪ್ಪುಳ ಮಾರ್ಗದವು ಜಂಕ್ಷನ್‌ಗೆ, ಎಂದರೆ ಸೌತ್‌ಗೆ ಹೋಗುತ್ತವೆ. ಕರೆದೊಯ್ಯಲು ಬರುವವರಿಗೆ ಮೊದಲೇ ತಿಳಿಸಿ.

ಊರಿನ ಹಿನ್ನೆಲೆ ಸ್ವಲ್ಪ ತಿಳಿದು ಹೋದರೆ ನೋಡುವುದಕ್ಕೆ ಸೊಗಸು. ಹಿಂದೆ ಮೆಣಸಿನ ದೊಡ್ಡ ಬಂದರು ಇದ್ದದ್ದು ಉತ್ತರಕ್ಕೆ, ಕೊಡುಂಗಲ್ಲೂರಿನ ಬಳಿಯ ಮುಜಿರಿಸ್‌ನಲ್ಲಿ. 1341ರ ಪೆರಿಯಾರ್ ಪ್ರವಾಹದಲ್ಲಿ ಆ ಬಂದರಿನ ಬಾಯಿ ಹೂಳು ತುಂಬಿ, ಕೊಚ್ಚಿಯ ಅಳಿವೆ ತೆರೆದುಕೊಂಡಿತೆಂದು ಹೇಳುತ್ತಾರೆ. ಆಮೇಲೆ ಅರಬರು, ಚೀನೀಯರು ಬಂದರು. 1503ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು ಅದನ್ನು ವಶಪಡಿಸಿಕೊಂಡರು. ಇವರೆಲ್ಲ ಬಂದದ್ದು ನಮ್ಮ ಬೆಟ್ಟಗಳ ಮೆಣಸು, ಏಲಕ್ಕಿ, ಶುಂಠಿಗಾಗಿ ಎಂದು ಯಜಮಾನರು ಮಕ್ಕಳಿಗೆ ಹೇಳುವಾಗ ಅವರ ಮುಖದಲ್ಲಿ ವ್ಯಾಪಾರಿಯ ಹೆಮ್ಮೆ ಇತ್ತು.

ಮೊದಲ ದಿನ: ಮಟ್ಟಾಂಚೇರಿ

ಬೆಳಿಗ್ಗೆ ಎರ್ನಾಕುಳಂ ಜೆಟ್ಟಿಯಿಂದ ಸರ್ಕಾರಿ ಬೋಟಿನಲ್ಲಿ ಹೋದೆವು. ನೀರಿನ ನಡುವೆ ಎಡಕ್ಕೆ ಕಾಣುವ ವಿಲ್ಲಿಂಗ್ಡನ್ ದ್ವೀಪವು ಪ್ರಕೃತಿ ಕೊಟ್ಟದ್ದಲ್ಲ. 1920ರಲ್ಲಿ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರು ದೊಡ್ಡ ಹಡಗುಗಳಿಗಾಗಿ ಕಾಲುವೆ ಆಳ ಮಾಡಿಸಿದಾಗ ಮೇಲೆತ್ತಿದ ಮಣ್ಣು ಸುರಿದೇ ಆ ನೆಲವನ್ನು ಮಾಡಿದರು.

ಮಟ್ಟಾಂಚೇರಿಯ ಗುಜರಾತಿ ರಸ್ತೆಯಲ್ಲಿ ಧರ್ಮನಾಥ ಸ್ವಾಮಿಯ ದೇವಾಲಯವಿದೆ. ವ್ಯಾಪಾರಕ್ಕೆ ಬಂದು ನೆಲೆಸಿದ ಗುಜರಾತಿ ಜೈನರು 1904ರಲ್ಲಿ ಕಟ್ಟಿಸಿದ್ದು. ಇದು ಶ್ವೇತಾಂಬರ ಸಂಪ್ರದಾಯದ ಮಂದಿರ. ಕಣ್ಣಿಟ್ಟು ಅಲಂಕರಿಸಿದ ಬಿಂಬದ ಮುಂದೆ ಅತ್ತೆಯವರು ಒಂದು ಗಳಿಗೆ ಸುಮ್ಮನೆ ನಿಂತರು. ನಮ್ಮ ಬಸದಿಯ ದಿಗಂಬರ ಬಿಂಬ ನೋಡಿ ಅಭ್ಯಾಸವಾದ ಕಣ್ಣಿಗೆ ಅದು ಹೊಸದು. ಆಮೇಲೆ, "ಹದಿನೈದನೆಯ ತೀರ್ಥಂಕರರು ಅವರಿಗೂ ನಮಗೂ ಒಬ್ಬರೇ ತಾನೇ" ಎಂದು ಕೈ ಮುಗಿದು ಕುಳಿತು ಣಮೋಕಾರ ಜಪ ಮಾಡಿದರು.

ಮಧ್ಯಾಹ್ನ ಹನ್ನೆರಡು ಕಳೆದ ಮೇಲೆ ಇಲ್ಲಿ ಪಾರಿವಾಳಗಳಿಗೆ ಕಾಳು ಹಾಕುತ್ತಾರೆ. ಗಂಟೆಯ ಸದ್ದಿಗೆ ನೂರಾರು ಹಕ್ಕಿಗಳು ಸುತ್ತಿ ಬಂದು ಅಂಗಳದಲ್ಲಿ ಇಳಿಯುತ್ತವೆ. ಅತ್ತೆಯವರು ನನ್ನ ಕೈ ಹಿಡಿದು, "ಇದನ್ನು ಅವರು ಹೇಳಿದ್ದರು. ಪಾರಿವಾಳಕ್ಕೆ ಗಡಿಯಾರ ಗೊತ್ತಾ ಎಂದು ನಾನು ನಕ್ಕಿದ್ದೆ" ಎಂದರು. ಅಷ್ಟು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ವಯಸ್ಸಾದ ಗುಜರಾತಿ ತಾಯಿಯೊಬ್ಬರು ಯಾವ ಊರು ಎಂದು ವಿಚಾರಿಸಿದರು. ಒಬ್ಬರ ಮನೆಮಾತು ಕನ್ನಡ, ಇನ್ನೊಬ್ಬರದು ಗುಜರಾತಿ. ಇಬ್ಬರೂ ಅರ್ಧ ಗಂಟೆ ಸುಖದುಃಖ ಮಾತಾಡಿದ್ದು ಮಲಯಾಳದಲ್ಲಿ! ಗಡಿನಾಡಿನ ನಮಗೆ ಇದು ವಿಶೇಷವಲ್ಲ, ಆದರೂ ಮಕ್ಕಳು ಬೆರಗಿನಿಂದ ನೋಡಿದರು.

ಮಧ್ಯಾಹ್ನ ಮಟ್ಟಾಂಚೇರಿ ಅರಮನೆ. ಡಚ್ ಅರಮನೆ ಎಂದು ಕರೆದರೂ ಕಟ್ಟಿಸಿದವರು ಪೋರ್ಚುಗೀಸರು, ಸುಮಾರು 1555ರಲ್ಲಿ, ಕೊಚ್ಚಿಯ ರಾಜರಿಗಾಗಿ. ಮುಂದೆ ಡಚ್ಚರು ದುರಸ್ತಿ ಮಾಡಿದ್ದರಿಂದ ಆ ಹೆಸರು ಉಳಿಯಿತು. ರಾಜರ ಶಯನಗೃಹದ ಗೋಡೆಯ ತುಂಬ ರಾಮಾಯಣದ ವರ್ಣಚಿತ್ರಗಳಿವೆ. ಅವಸರಪಡದೆ ನೋಡಿ. ಪಲ್ಲಕ್ಕಿಗಳು, ರಾಜರ ಭಾವಚಿತ್ರಗಳು ಮಕ್ಕಳಿಗೆ ಇಷ್ಟವಾಗುತ್ತವೆ.

ಅಲ್ಲಿಂದ ನಡೆಯುವಷ್ಟು ದೂರದಲ್ಲಿ ಜ್ಯೂ ಟೌನ್. ಬೀದಿಯ ಉದ್ದಕ್ಕೂ ಹಳೆಯ ಸಾಂಬಾರ ಉಗ್ರಾಣಗಳು. ಈಗ ಹೆಚ್ಚಿನವು ಪ್ರವಾಸಿಗರ ಅಂಗಡಿಗಳಾಗಿವೆ. ಮೆಣಸಿನ ವಾಯಿದೆ ವ್ಯಾಪಾರಕ್ಕಾಗಿ 1957ರಲ್ಲಿ ಆರಂಭವಾದ ವರ್ತಕರ ಸಂಘ ಇದೇ ಬೀದಿಯದು. ಒಂದು ಕಾಲಕ್ಕೆ ಇಲ್ಲಿ ದಲ್ಲಾಳಿಗಳು ಕೂಗಿ ದರ ಕಟ್ಟುತ್ತಿದ್ದರು. ನಮ್ಮ ಮನೆಯ ರೇಡಿಯೋದಲ್ಲಿ, ಪೇಪರಿನಲ್ಲಿ ಕೇಳುತ್ತಿದ್ದ ಕೊಚ್ಚಿ ರೇಟು, ಗಾರ್ಬಲ್ಡ್, ಅನ್‌ಗಾರ್ಬಲ್ಡ್ ಎಂಬ ಮಾತುಗಳು ಹುಟ್ಟುತ್ತಿದ್ದ ಜಾಗ ಇದೇ ಎಂದು ಯಜಮಾನರು ಮಗನಿಗೆ ತೋರಿಸಿದರು. ಒಂದು ಕಿರುಚಿತ್ರದಷ್ಟು ಸಣ್ಣ ಬೀದಿ. ನಮ್ಮ ಮನೆಯ ಅಕ್ಕಿ, ಬಟ್ಟೆ, ಮಕ್ಕಳ ಫೀಸು ಎಲ್ಲ ಇಲ್ಲಿಂದ ಬಂದದ್ದು.

ಬೀದಿಯ ಕೊನೆಯಲ್ಲಿ ಯೆಹೂದಿಗಳ ಪ್ರಾರ್ಥನಾಲಯ, 1568ರದು. ನೆಲಕ್ಕೆ ಚೀನಾದಿಂದ ತಂದ, ಕೈಯಿಂದ ಚಿತ್ರ ಬರೆದ ನೀಲಿ ಹೆಂಚುಗಳು. ಮೇಲೆ ಗಾಜಿನ ತೂಗುದೀಪಗಳು. ಈ ಸಮಾಜದವರೂ ವ್ಯಾಪಾರಿಗಳೇ. 1948ರಲ್ಲಿ ಇಸ್ರೇಲ್ ದೇಶ ಆದ ಮೇಲೆ ಒಂದೊಂದೇ ಮನೆ ಖಾಲಿಯಾಗಿ ಈಗ ಬೆರಳೆಣಿಕೆಯ ಮಂದಿ ಉಳಿದಿದ್ದಾರೆ. ಸಾಮೂಹಿಕ ಪ್ರಾರ್ಥನೆಗೆ ಅವರ ನಿಯಮದಂತೆ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕು. ಅಷ್ಟು ಜನ ಊರಿನಲ್ಲಿಲ್ಲ.

ಇದನ್ನು ಕೇಳಿ ಅತ್ತೆಯವರು ಬಹಳ ಹೊತ್ತು ಬೆಂಚಿನ ಮೇಲೆ ಕುಳಿತಿದ್ದರು. ಹೊರಗೆ ಬಂದ ಮೇಲೆ ಒಂಬತ್ತನೆಯ ತರಗತಿಯ ನನ್ನ ಮಗನನ್ನು ಕೇಳಿದರು: "ನಮ್ಮ ಬಸದಿಯಲ್ಲಿ ಚತುರ್ದಶಿಗೆ ಎಷ್ಟು ಮಂದಿ ಬರುತ್ತಾರೆ, ಎಣಿಸಿದ್ದೀಯಾ ಮಗಾ?" ಅವನು ಎಣಿಸಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಎಣಿಸಿರಲಿಲ್ಲ.

ಎರಡನೆಯ ದಿನ: ಫೋರ್ಟ್ ಕೊಚ್ಚಿ

ಹೈಕೋರ್ಟ್ ನಿಲ್ದಾಣದಿಂದ ವಾಟರ್ ಮೆಟ್ರೋದಲ್ಲಿ ಹೋದೆವು. 2023ರ ಏಪ್ರಿಲ್‌ನಲ್ಲಿ ಆರಂಭವಾದ ಈ ವಿದ್ಯುತ್ ಬೋಟುಗಳಲ್ಲಿ ಹೊಗೆಯಿಲ್ಲ, ಕುಲುಕಾಟವಿಲ್ಲ. ವಯಸ್ಸಾದವರು ಹತ್ತಿ ಇಳಿಯುವುದಕ್ಕೂ ಸುಲಭ.

ಸೇಂಟ್ ಫ್ರಾನ್ಸಿಸ್ ಚರ್ಚು ಸಣ್ಣದು, ಸರಳವಾದದ್ದು. ವಾಸ್ಕೋ ಡ ಗಾಮ 1524ರ ಡಿಸೆಂಬರ್‌ನಲ್ಲಿ ಕೊಚ್ಚಿಯಲ್ಲೇ ತೀರಿಕೊಂಡಾಗ ಅವನನ್ನು ಹೂಳಿದ್ದು ಇಲ್ಲಿ. ಸುಮಾರು ಹದಿನಾಲ್ಕು ವರ್ಷಗಳ ನಂತರ ಅವಶೇಷಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಗುಂಡಿಯ ಜಾಗ ಮಾತ್ರ ಗುರುತಿಟ್ಟು ಕಾಪಾಡಿದ್ದಾರೆ. ಹಗ್ಗದಿಂದ ಎಳೆಯುತ್ತಿದ್ದ ಬಟ್ಟೆಯ ದೊಡ್ಡ ಬೀಸಣಿಗೆಗಳು ಈಗಲೂ ಮೇಲೆ ತೂಗುತ್ತವೆ. "ಸಮುದ್ರ ದಾಟಿ ಬಂದವನಿಗೆ ಸಿಕ್ಕಿದ್ದು ಆರಡಿ, ಅದೂ ಬಾಡಿಗೆಗೆ" ಎಂದು ಯಜಮಾನರು ನಕ್ಕರು.

ಅಲ್ಲಿಂದ ಸಮುದ್ರದ ಬದಿಗೆ ಬಂದರೆ ಚೀನೀ ಬಲೆಗಳು. ಉದ್ದನೆಯ ಮರದ ತೋಳುಗಳಿಗೆ ಬಲೆ ಕಟ್ಟಿರುತ್ತಾರೆ. ಇನ್ನೊಂದು ತುದಿಯಲ್ಲಿ ಹಗ್ಗಗಳಿಗೆ ದೊಡ್ಡ ಕಲ್ಲುಗಳು. ನಾಲ್ಕಾರು ಮಂದಿ ಎಳೆದರೆ ಕಲ್ಲಿನ ಭಾರಕ್ಕೆ ಬಲೆ ನೀರಿನಿಂದ ಮೇಲೇಳುತ್ತದೆ. ನಮ್ಮ ತಕ್ಕಡಿಯ ತತ್ವವೇ. ದೂರದಿಂದ ನೋಡಲು ಅಂದ. ಹತ್ತಿರ ಹೋದಾಗ ನನ್ನ ಮಗಳಿಗೆ ಬಲೆಯೊಳಗೆ ಒದ್ದಾಡುವ ಮೀನು ಕಂಡಿತು. ಎಂಟು ವರ್ಷದ ಹುಡುಗಿ, ಅಳುತ್ತಾ, "ಅವರಿಗೆ ಪಾಪ ಬರುವುದಿಲ್ಲವಾ ಅಜ್ಜಿ?" ಎಂದಳು. ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ಅತ್ತೆಯವರು ಅವಳನ್ನು ಪಕ್ಕಕ್ಕೆ ಕರೆದು, "ಹಿಂಸೆ ಹಿಂಸೆಯೇ ಮಗಳೇ. ಆದರೆ ಅವರ ಒಲೆ ಉರಿಯುವುದು ಅದರಿಂದ. ನಮ್ಮ ವ್ರತ ನಮಗೆ. ಅದನ್ನು ಹಿಡಿದುಕೊಂಡು ಬೇರೆಯವರನ್ನು ಕೀಳಾಗಿ ನೋಡಿದರೆ ಅದೂ ಹಿಂಸೆಯೇ" ಎಂದರು. ಮಗಳಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಸಣ್ಣ ಮಕ್ಕಳಿರುವವರು ಬಲೆಗಳನ್ನು ಸಂಜೆಯ ಬೆಳಕಿನಲ್ಲಿ ಸ್ವಲ್ಪ ದೂರದಿಂದಲೇ ತೋರಿಸುವುದು ಒಳ್ಳೆಯದು. ಪಕ್ಕದಲ್ಲಿ ಮೀನಿನ ಮಾರಾಟವೂ ಇರುತ್ತದೆ.

ಸಾಂತಾ ಕ್ರೂಸ್ ಬೆಸಿಲಿಕಾ, ಡಚ್ಚರ ಸ್ಮಶಾನ, ಮಳೆಮರಗಳ ನೆರಳಿನ ಬೀದಿಗಳು ಎಲ್ಲವನ್ನೂ ನಡೆದೇ ನೋಡಬಹುದು. 2012ರಲ್ಲಿ ಆರಂಭವಾದ ಬಿನಾಲೆ ಕಲಾಪ್ರದರ್ಶನ ನಡೆಯುವ ವರ್ಷವಾದರೆ ಹಳೆಯ ಉಗ್ರಾಣಗಳೊಳಗೂ ಹೋಗಿ ಬರಬಹುದು. ಡಿಸೆಂಬರ್ 31ರ ರಾತ್ರಿ ಮಾತ್ರ ಫೋರ್ಟ್ ಕೊಚ್ಚಿ ಕಡೆ ಹೋಗಬೇಡಿ. ಅಂದು ಪಪ್ಪಾಂಜಿ ಎಂಬ ಬೊಂಬೆ ಸುಡುವುದನ್ನು ನೋಡಲು ಜನಸಾಗರವೇ ಸೇರುತ್ತದೆ.

ಮೂರನೆಯ ದಿನ: ತೃಪ್ಪೂಣಿತ್ತುರ

ಮೆಟ್ರೋ ರೈಲು ಈಗ ತೃಪ್ಪೂಣಿತ್ತುರದವರೆಗೆ ಹೋಗುತ್ತದೆ. ಅಲ್ಲಿಂದ ಆಟೋದಲ್ಲಿ ಹಿಲ್ ಪ್ಯಾಲೇಸ್. 1865ರಲ್ಲಿ ಕಟ್ಟಿದ ಈ ಅರಮನೆ ಈಗ ವಸ್ತುಸಂಗ್ರಹಾಲಯ. ರಾಜರ ಕಿರೀಟ, ಆಭರಣ, ಹಳೆಯ ನಾಣ್ಯ, ಆಯುಧಗಳಿವೆ. ಸುತ್ತಲಿನ ತೋಟದಲ್ಲಿ ಮಕ್ಕಳಿಗೆ ಓಡಾಡಲು ಬೇಕಾದಷ್ಟು ಜಾಗ. ಮಧ್ಯಾಹ್ನದವರೆಗೆ ಇದ್ದು ರೈಲು ಹಿಡಿಯಬಹುದು.

ಗೃಹಿಣಿಯರಿಗೆ ಕೆಲವು ಸೂಚನೆಗಳು

ವಾರ ನೋಡಿ ಹೊರಡಿ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಯೆಹೂದಿಗಳ ಪ್ರಾರ್ಥನಾಲಯ ಶನಿವಾರ ಮುಚ್ಚಿರುತ್ತದೆ, ಶುಕ್ರವಾರ ಮಧ್ಯಾಹ್ನವೇ ಬಾಗಿಲು ಹಾಕುತ್ತಾರೆ. ಹಿಲ್ ಪ್ಯಾಲೇಸಿಗೆ ಸೋಮವಾರ ರಜೆ. ನಾವು ಮಂಗಳವಾರದಿಂದ ಗುರುವಾರದವರೆಗೆ ಇಟ್ಟುಕೊಂಡದ್ದರಿಂದ ಎಲ್ಲವೂ ಸಿಕ್ಕಿತು.

ಊಟದ ವಿಷಯ. ಗುಜರಾತಿ ರಸ್ತೆಯ ಸುತ್ತ ಶುದ್ಧ ಸಸ್ಯಾಹಾರ ಸಿಗುತ್ತದೆ. ಬೇರೆ ಕಡೆ ಎಚ್ಚರ. ಒಂದು ಹೋಟೆಲಿನಲ್ಲಿ "ಸವಾಳ ಬೇಡ" ಎಂದು ಹೇಳಿ ಕುಳಿತೆವು. ಬಂದ ಸಾಂಬಾರಿನಲ್ಲಿ ಸಣ್ಣ ಈರುಳ್ಳಿ ತೇಲುತ್ತಿತ್ತು! ಕೇಳಿದರೆ, "ಇದು ಸವಾಳ ಅಲ್ಲ, ಉಳ್ಳಿ" ಎಂದರು. ಅವರ ಮಾತು ಅವರ ಭಾಷೆಯಲ್ಲಿ ಸರಿಯೇ. ಆದ್ದರಿಂದ ಸವಾಳ, ಉಳ್ಳಿ, ವೆಳುತ್ತುಳ್ಳಿ (ಬೆಳ್ಳುಳ್ಳಿ), ಕಿಳಂಙು (ಗೆಡ್ಡೆ) ನಾಲ್ಕೂ ಬೇಡವೆಂದು ಬಿಡಿಸಿ ಹೇಳಿ. ಡಿಸೆಂಬರಿನಲ್ಲಿ ಆರು ಗಂಟೆ ಕಳೆದ ಸ್ವಲ್ಪ ಹೊತ್ತಿಗೇ ಸೂರ್ಯಾಸ್ತ. ಆ ಹೊತ್ತಿಗೆ ಹೋಟೆಲುಗಳಲ್ಲಿ ರಾತ್ರಿಯ ಊಟ ತಯಾರಿರುವುದಿಲ್ಲ. ನಾನು ಒಯ್ದ ಖಾಖ್ರಾ, ಅವಲಕ್ಕಿ, ಚಟ್ನಿಪುಡಿ ಮೂರೂ ಸಂಜೆ ಉಪಯೋಗಕ್ಕೆ ಬಂದವು. ಕುಡಿಯುವ ನೀರನ್ನು ಸೋಸಲು ಬಟ್ಟೆ ಇರಲಿ. ಸೆಖೆ ಹೆಚ್ಚು, ಹತ್ತಿ ಬಟ್ಟೆಯೇ ಒಳ್ಳೆಯದು. ಹೋಗಲು ನವೆಂಬರಿನಿಂದ ಫೆಬ್ರವರಿ ಹಿತ.

ಊರಿಗೆ ಬಂದ ಮೇಲೆ ಯಜಮಾನರು ಲೆಕ್ಕದ ಪುಸ್ತಕ ತೆಗೆದರು. ಮೂರು ದಿನದ ವ್ಯಾಪಾರ ಹೋಗಿತ್ತು, ಗಿರಾಕಿಗಳು ಯಾರೂ ಹೋಗಿರಲಿಲ್ಲ. ಮುಂದಿನ ಚತುರ್ದಶಿಗೆ ಯಾರೂ ಕರೆಯದೆ ಮಗ ಅಜ್ಜಿಯ ಜೊತೆ ಬಸದಿಗೆ ಹೊರಟ. ಅವನ ಹಿಂದೆ ನಾವೂ ಹೋದೆವು. ಅಭಿಷೇಕ ಮುಗಿದು ಗಂಧೋದಕ ತೆಗೆದುಕೊಳ್ಳುವಾಗ ಅವನು ಕಣ್ಣಿನಲ್ಲೇ ಎಣಿಸುತ್ತಿದ್ದುದನ್ನು ಕಂಡೆ. ನಮ್ಮ ಮನೆಯ ಐವರೂ ಸೇರಿ ಒಂಬತ್ತು ಮಂದಿ.

ರಜೆಯಲ್ಲಿ ಎಲ್ಲಿಗಾದರೂ ಹೋಗಿ ಬನ್ನಿ. ಹೋದ ಊರಿನಲ್ಲಿ ಜಿನಮಂದಿರವಿದ್ದರೆ ದರ್ಶನ ಮಾಡಿ. ಬಂದ ಮೇಲೆ ನಿಮ್ಮ ಊರಿನ ಬಸದಿಗೂ ಮಕ್ಕಳನ್ನು ಕರೆದುಕೊಂಡು ಹೋಗಿ. ನಿಮ್ಮ ಪ್ರವಾಸದ ಅನುಭವಗಳನ್ನು ನಮಗೂ ಬರೆದು ತಿಳಿಸಿ.

ಜೈ ಜಿನೇಂದ್ರ.