ಹಗಲಿನ ವಿದ್ಯುತ್ತು ಹೊಲಕ್ಕೆ ಸಲ್ಲಲಿ

ನಮ್ಮ ನಾಡಿಗೆ ವಿದ್ಯುತ್ತು ಹೊಸದೇನಲ್ಲ. 1902ರಲ್ಲಿಯೇ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೆ ರೈತನ ಪಾಲಿನ ತ್ರೀಫೇಸ್ ವಿದ್ಯುತ್ತು ಇಂದಿಗೂ ಎಷ್ಟೋ ಹಳ್ಳಿಗಳಲ್ಲಿ ಸರದಿಯ ಮೇಲೆ, ನಡುರಾತ್ರಿಯಲ್ಲಿ ಬರುತ್ತದೆ. ಅವನು ಟಾರ್ಚು ಹಿಡಿದು, ಹಾವುಚೇಳುಗಳ ಭಯದಲ್ಲಿ ಪಂಪುಸೆಟ್ಟಿನತ್ತ ನಡೆಯಬೇಕು. ಒದ್ದೆಗೈಯಲ್ಲಿ ಸ್ಟಾರ್ಟರು ಒತ್ತಬೇಕು. 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುತ್ತು ಉಚಿತವೆಂಬುದು ನಿಜ. ನಿದ್ದೆಗೆಟ್ಟ ರಾತ್ರಿಗಳಿಗೆ ಬೆಲೆಯಿಲ್ಲವೆ?

ಕೆಲವರು ಆಟೋ ಸ್ಟಾರ್ಟರು ಹಾಕಿಸಿ ಮಲಗುವುದುಂಟು. ಆಗ ಮಡೆ ತಿರುಗಿಸುವವರಿಲ್ಲದೆ ನೀರು ಒಂದೇ ಕಡೆ ಹರಿದು, ಕೊಳವೆಬಾವಿಯ ಅಂತರ್ಜಲ ವ್ಯರ್ಥವಾಗುತ್ತದೆ.

ಇದಕ್ಕೆ ಪರಿಹಾರ ನಮ್ಮ ಬಿಸಿಲಿನಲ್ಲಿಯೇ ಇದೆ. ಪಾವಗಡದ ಸೌರ ವಿದ್ಯುತ್ ಸ್ಥಾವರವೊಂದರ ಸಾಮರ್ಥ್ಯವೇ 2,050 ಮೆಗಾವ್ಯಾಟ್. ಬಿಸಿಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡಲು ಬ್ಯಾಟರಿ ಬೇಕು. ಹಗಲಿನಲ್ಲಿಯೇ ನೀರೆತ್ತಲು ಅದು ಬೇಡ. ಮಳೆಗಾಲದಲ್ಲಿ ಮೋಡ ಮುಸುಕಿದರೆ ಗತಿಯೇನೆಂದು ಕೇಳಬಹುದು. ಮಳೆ ಬಿದ್ದಾಗ ಪಂಪಿನ ಅಗತ್ಯವೂ ಕಡಮೆಯಷ್ಟೆ! ಪಂಪುಸೆಟ್ಟುಗಳ ಫೀಡರುಗಳಿಗೆ ಸೌರಶಕ್ತಿ ಒದಗಿಸಲು 2019ರಲ್ಲಿ ಆರಂಭವಾದ ಕುಸುಮ್ ಯೋಜನೆಯಲ್ಲಿ ಅವಕಾಶವುಂಟು. ಅದು ಬೇಗನೆ ಪ್ರತಿಯೊಂದು ಹಳ್ಳಿಗೂ ತಲುಪಬೇಕು.

ಉಚಿತ ವಿದ್ಯುತ್ತಿಗಿಂತ ಹೊತ್ತಿಗೆ ಸರಿಯಾದ ವಿದ್ಯುತ್ತು ಮೇಲು. ನಾಡಿಗೆ ಅನ್ನವಿಕ್ಕುವವನು ರಾತ್ರಿ ನೆಮ್ಮದಿಯಿಂದ ಮಲಗುವಂತಾದರೆ, ವಿಜ್ಞಾನವು ಹಳ್ಳಿಗೆ ಬಂದಿತೆಂದು ನಾವು ಧೈರ್ಯವಾಗಿ ಹೇಳಬಹುದು.