ಎಂಜಿನ್ ಇಳಿದ ಮೇಲೆ

ಕಳೆದ ಮಳೆಗಾಲದ ಒಂದು ಸಂಜೆ, ಮಿತ್ರರೊಬ್ಬರು ಹದಿನೈದು ವರ್ಷಗಳಿಂದ ಕಚೇರಿಗೆ ಹೋಗಿಬರಲು ಬಳಸುತ್ತಿದ್ದ ಪುಟ್ಟ ಪೆಟ್ರೋಲ್ ಕಾರಿನ ಎಂಜಿನ್ನನ್ನು ಬೆಂಗಳೂರಿನ ಗ್ಯಾರೇಜೊಂದರಲ್ಲಿ ಚೈನ್ ಪುಲ್ಲಿಗೆ ಕಟ್ಟಿ ಮೇಲೆತ್ತುವುದನ್ನು ನಾನು ನಿಂತು ನೋಡಿದೆನು. ಕಪ್ಪುಗಟ್ಟಿದ ಆಯಿಲಿನ ಹನಿಗಳನ್ನು ನೆಲಕ್ಕೆ ತೊಟ್ಟಿಕ್ಕಿಸುತ್ತ ಆ ಯಂತ್ರವು ತೂಗಾಡುತ್ತಿದ್ದಿತು. ಬರಿದಾದ ಬಾನೆಟ್ಟಿನ ಒಡಲಲ್ಲಿ ಗೇರ್‌ಬಾಕ್ಸ್ ಮಾತ್ರ ಉಳಿದಿದ್ದಿತು. ಮೈಗೆ ತುಕ್ಕು ತಾಗದ, ಬಾಗಿಲು ಇಂದಿಗೂ ಒಂದೇ ಸದ್ದಿಗೆ ಮುಚ್ಚಿಕೊಳ್ಳುವ ವಾಹನವನ್ನು, ಎಂಜಿನ್ನಿಗೆ ಮುಪ್ಪಡರಿತೆಂಬ ಕಾರಣಕ್ಕಾಗಿ ಗುಜರಿಗೆ ಹಾಕುವುದು ಅನ್ಯಾಯವೆಂದು ಭಾವಿಸಿ, ಮಿತ್ರರು ಅದನ್ನು ವಿದ್ಯುತ್ ಕಾರಾಗಿ ಪರಿವರ್ತಿಸಲು ಹೊರಟಿದ್ದರು. ಅವರ ಪಕ್ಷವೇ ನನ್ನ ಪಕ್ಷವೂ ಹೌದು.

ದೂರಪ್ರಯಾಣದ ಮಾತು ಬೇರೆ. ಆದರೆ ದಿನಕ್ಕೆ ನಲವತ್ತು ಕಿಲೋಮೀಟರಿನೊಳಗೆ ಮುಗಿಯುವ, ಅದರಲ್ಲಿಯೂ ಅರ್ಧ ಕಾಲವನ್ನು ಸಿಗ್ನಲ್ಲುಗಳ ಮುಂದೆ ಕಳೆಯುವ ನಗರದ ಓಡಾಟಕ್ಕೆ ಪೆಟ್ರೋಲ್ ಎಂಜಿನ್ನಿನಷ್ಟು ಅನುಚಿತವಾದ ಸಾಧನವು ಮತ್ತೊಂದಿಲ್ಲ. ಸುಟ್ಟ ಇಂಧನದ ಶಕ್ತಿಯಲ್ಲಿ ಕಾಲುಭಾಗ ಚಕ್ರಕ್ಕೆ ತಲುಪಿದರೆ ಹೆಚ್ಚು. ಉಳಿದುದೆಲ್ಲವೂ ಶಾಖವಾಗಿ ವ್ಯರ್ಥವಾಗುತ್ತದೆ. ಸುಟ್ಟ ಪ್ರತಿಯೊಂದು ಲೀಟರಿಗೂ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ನಾವು ಉಸಿರಾಡುವ ಗಾಳಿಯನ್ನು ಸೇರುತ್ತದೆ. ವಿದ್ಯುತ್ ಮೋಟಾರಾದರೋ ನಿಂತಲ್ಲಿ ಉರಿಯುವುದಿಲ್ಲ. ಬ್ರೇಕ್ ಒತ್ತಿದಾಗ ವೇಗದ ಒಂದಂಶವನ್ನು ಬ್ಯಾಟರಿಗೆ ಮರಳಿಸುವುದೂ ಉಂಟು. ಸಣ್ಣ ಕಾರೊಂದರ ನಲವತ್ತು ಕಿಲೋಮೀಟರಿಗೆ ಸುಮಾರು ಐದು ಯೂನಿಟ್ ವಿದ್ಯುತ್ತು ಸಾಕು. ಅದನ್ನು ಮನೆಯ ಹದಿನೈದು ಆಂಪಿಯರಿನ ಸಾಕೆಟ್ಟಿನಿಂದಲೇ ರಾತ್ರಿ ತುಂಬಿಸಿಕೊಳ್ಳಬಹುದು.

ಪರಿವರ್ತನೆಯೆಂದರೆ ಬರಿಯ ಅದಲುಬದಲೆಂದು ತಿಳಿದವರು ಆ ಗ್ಯಾರೇಜಿನಲ್ಲಿ ಒಂದು ವಾರ ಕುಳಿತಿರಬೇಕಾಗಿದ್ದಿತು. ಮೋಟಾರನ್ನು ಹಳೆಯ ಗೇರ್‌ಬಾಕ್ಸಿಗೆ ಜೋಡಿಸುವ ಅಲ್ಯುಮಿನಿಯಂ ಪ್ಲೇಟನ್ನು ಲೇತಿನ ಮೇಲೆ ಕಡೆಯುವಾಗ, ನಡುವಣ ತೂತು ಕೂದಲೆಳೆಯಷ್ಟು ಓರೆಯಾದರೂ ಇಡೀ ಗಾಡಿ ನಡುಗತೊಡಗುವುದು. ಬ್ರೇಕಿಗೆ ಬಲ ಕೊಡುತ್ತಿದ್ದ ನಿರ್ವಾತವು ಎಂಜಿನ್ನಿನಿಂದಲೇ ಹುಟ್ಟುತ್ತಿದ್ದುದರಿಂದ, ಎಂಜಿನ್ ಹೋದೊಡನೆ ಅದೂ ಹೋಗುತ್ತದೆ. ಪ್ರತ್ಯೇಕವಾದ ಪುಟ್ಟ ಪಂಪೊಂದನ್ನು ಕೂಡಿಸದಿದ್ದರೆ ಪೆಡಲು ಕಲ್ಲಿನಂತೆ ಬಿಗಿದುಕೊಳ್ಳುವುದು. ಇದನ್ನು ಮಿತ್ರರಿಗೆ ಮೊದಲು ತಿಳಿಸಿದವನು, ಮೂವತ್ತು ವರ್ಷ ಕಾರ್ಬುರೇಟರು ಬಿಚ್ಚಿ ಕಟ್ಟಿ ಕೈ ಪಳಗಿದ ಅಲ್ಲಿಯ ಮೆಕ್ಯಾನಿಕ್ಕೇ. ಇನ್ನು ಬ್ಯಾಟರಿಯ ಮಾತಿಗೆ ಬಂದರೆ, 2001ರಲ್ಲಿ ಇದೇ ಬೆಂಗಳೂರಿನಿಂದ ರಸ್ತೆಗಿಳಿದ ರೇವಾ ವಿದ್ಯುತ್ ಕಾರು ಸೀಸದ ಬ್ಯಾಟರಿಯ ಭಾರವನ್ನು ಹೊತ್ತು ಓಡಬೇಕಾಯಿತು; ಇಂದಿನ ಲಿಥಿಯಂ ಬ್ಯಾಟರಿಯು ಅಷ್ಟೇ ಶಕ್ತಿಯನ್ನು ಅದರ ಅರ್ಧಕ್ಕಿಂತ ಕಡಿಮೆ ತೂಕದಲ್ಲಿ ಹಿಡಿದಿಡುತ್ತದೆ. ಬೆಲೆಯೇನೋ ಇಂದಿಗೂ ಭಾರವೇ.

ತೊಡಕಿರುವುದು ಕಾಗದದಲ್ಲಿ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಲಾಗದು. ಪರಿವರ್ತನೆಯ ಕಿಟ್ ಎಐಎಸ್-123 ಎಂಬ ಮಾನಕಕ್ಕೆ ಒಪ್ಪುವುದೆಂದು ಪುಣೆಯ ಎಆರ್‌ಎಐಯಂತಹ ಸಂಸ್ಥೆಯು ಪರೀಕ್ಷಿಸಿ ದೃಢಪಡಿಸಬೇಕು. ಈ ಎಚ್ಚರಿಕೆಯನ್ನು ನಾನು ಆಕ್ಷೇಪಿಸುವವನಲ್ಲ. ನೂರಾರು ವೋಲ್ಟಿನ ತಂತಿಯನ್ನು ಕುಟುಂಬವೊಂದು ಕುಳಿತ ಆಸನದಡಿ ಹಾಯಿಸುವಲ್ಲಿ ಅರೆಗಲಿಕೆ ಪ್ರಾಣಾಂತಿಕವಾದೀತು. ಆದರೆ ವಾಹನದ ಮಾದರಿಗಳನ್ನು ಹೆಸರಿಸಿ ಕಿಟ್ಟುಗಳಿಗೆ ಒಪ್ಪಿಗೆ ಕೊಡುವ ಈ ವ್ಯವಸ್ಥೆಯು ದೊಡ್ಡ ಬಂಡವಾಳದವರಿಗೆ ನಿಲುಕುವುದೇ ಹೊರತು ಒಂಟಿ ಕಾರಿನ ಒಡೆಯನಿಗಾಗಲಿ ಸಣ್ಣ ಗ್ಯಾರೇಜಿಗಾಗಲಿ ನಿಲುಕುವುದಿಲ್ಲ. ಒಂದೊಂದೇ ವಾಹನವನ್ನು ತಂದು ನಿಲ್ಲಿಸಿದರೆ ಬ್ರೇಕು, ಭಾರ, ನಿರೋಧಕ ಕವಚಗಳನ್ನು ಮಿತವಾದ ಶುಲ್ಕಕ್ಕೆ ಪರೀಕ್ಷಿಸಿ ಆರ್‌ಸಿ ಪುಸ್ತಕದಲ್ಲಿ ನಮೂದಿಸುವ ದಾರಿಯೊಂದು ಏಕೆ ಇರಬಾರದು? ಐಟಿಐಗಳಲ್ಲಿ ಈ ಕೆಲಸದ ತರಬೇತಿಯನ್ನು ಕೊಟ್ಟು ಮೆಕ್ಯಾನಿಕ್ಕುಗಳಿಗೆ ಪರವಾನಗಿ ನೀಡಬಾರದೇಕೆ? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗಳಿಗೆ ವಿದ್ಯುತ್ತನ್ನು ಹರಿಸಿದ, 2017ರಲ್ಲಿ ದೇಶದಲ್ಲಿಯೇ ಮೊದಲನೆಯದಾಗಿ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿದ ಈ ನಾಡು, ಇಂತಹ ನಿಯಮಕ್ಕಾಗಿ ಕೇಂದ್ರವನ್ನು ಒತ್ತಾಯಿಸುವ ಅಧಿಕಾರವನ್ನು ಗಳಿಸಿಕೊಂಡಿದೆ.

ಒಪ್ಪಿಗೆ ದೊರೆತೇ ದೊರೆಯುವುದೆಂದು ನಂಬಿ ಎಂಜಿನ್ ಇಳಿಸಿದ್ದ ಮಿತ್ರರು, ಅವರ ಮಾದರಿಗೆ ಸಲ್ಲುವ ಕಿಟ್ ಪಟ್ಟಿಯಲ್ಲಿ ಇಲ್ಲವೆಂಬ ಉತ್ತರವನ್ನು ಪಡೆದು ಎಂಟು ತಿಂಗಳಾದವು. ಭಾನುವಾರ ಬೆಳಿಗ್ಗೆ ಅವರು ಕಾರಿನ ಹೊದಿಕೆಯನ್ನು ಸರಿಸಿ, ಮನೆಯ ಅಂಗಳದಲ್ಲಿಯೇ ಗೇಟಿನವರೆಗೆ ಒಮ್ಮೆ, ಹಿಂದಕ್ಕೊಮ್ಮೆ, ಸದ್ದಿಲ್ಲದೆ ಓಡಿಸಿ, ಮತ್ತೆ ಹೊದಿಸುತ್ತಾರೆ.