ಹಿರಿಯರಿಗೆ ಪಿಂಚಣಿಯಷ್ಟೇ ಸಾಕೆ?

2022ರ ಮಾರ್ಚ್‌ನಲ್ಲಿ ಮಂಡನೆಯಾದ ರಾಜ್ಯದ ಆಯವ್ಯಯದಲ್ಲಿ ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ನಿರ್ಮಿಸುವ ಪ್ರಸ್ತಾವವಿತ್ತು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2021ರ ಅಕ್ಟೋಬರ್‌ನ ಮಳೆಗೆ, ಇದೇ ಬೆಟ್ಟದ ನಂದಿ ರಸ್ತೆ ಕುಸಿದಿತ್ತು. ನಗರದ ಪ್ರಜ್ಞಾವಂತರು ಒಗ್ಗೂಡಿ ವಿರೋಧಿಸಿದರು. ಸರ್ಕಾರ ಅದೇ ವರ್ಷ ಪ್ರಸ್ತಾವವನ್ನು ಕೈಬಿಟ್ಟಿತು.

ಆ ವಿರೋಧದ ಮುಂಚೂಣಿಯಲ್ಲಿ ತಲೆನರೆತವರು ಅನೇಕರಿದ್ದರು. ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಅವರಲ್ಲೊಬ್ಬರು. ಮೈಸೂರು ಗ್ರಾಹಕರ ಪರಿಷತ್ತಿನಂತಹ ಸಂಘಟನೆಗಳಲ್ಲಿ ದಶಕಗಳಿಂದ ದುಡಿದವರಲ್ಲಿಯೂ ನಿವೃತ್ತರೇ ಹೆಚ್ಚು. ಕಡತ ಓದಲು ಅವರಿಗೆ ಸಮಯವಿದೆ. ಬಡ್ತಿ, ವರ್ಗಾವಣೆಗಳ ಭಯವಿಲ್ಲ. ಬೆಟ್ಟ ಹಿಂದೆ ಹೇಗಿತ್ತೆಂಬ ನೆನಪಿದೆ. ಶಿವರಾಮ ಕಾರಂತರು 1989ರಲ್ಲಿ ಪರಿಸರದ ಪ್ರಶ್ನೆಯನ್ನು ಮುಂದಿಟ್ಟು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದಾಗ ಅವರಿಗೆ 87 ವರ್ಷ. ಅವರು ಗೆಲ್ಲಲಿಲ್ಲ, ಆದರೆ ಕೈಗಾ ಅಣುಸ್ಥಾವರದ ಪ್ರಶ್ನೆ ಮನೆಮನೆಯ ಮಾತಾಯಿತು.

ಮೈಸೂರಿನ ನಿವೃತ್ತರಿಗೆ ಅಕ್ಷರವಿದೆ, ನಿಶ್ಚಿತ ಆದಾಯವಿದೆ, ಪತ್ರಿಕಾ ಕಚೇರಿಗಳು ಹತ್ತಿರದಲ್ಲಿವೆ. ಮಲೆನಾಡಿನ ಮುದುಕಿಗೆ ಇವಾವುವೂ ಇಲ್ಲ. ಆದರೆ ಯಾವ ದರೆ ಯಾವ ಮಳೆಗೆ ಜರಿದಿತ್ತು, ಮುಚ್ಚಿಹೋದ ಹಳ್ಳ ಎಲ್ಲಿ ಹರಿಯುತ್ತಿತ್ತು, ಯಾವ ಒರತೆ ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ, ನೀರು ನಿಲ್ಲುವ ಗದ್ದೆಗೆ ಯಾವ ಭತ್ತ ಹೊಂದುತ್ತಿತ್ತು ಎಂಬುದು ಆಕೆಗೆ ಗೊತ್ತು. ಮಳೆಮಾಪಕವಿಲ್ಲದ ಊರಿನಲ್ಲಿ ಈ ನೆನಪೇ ದಾಖಲೆ. ಗುಡ್ಡದ ಬುಡ ಕಡಿದು ರಸ್ತೆ ಮಾಡುವ ಮುನ್ನ ಯಾರೂ ಆಕೆಯನ್ನು ಕೇಳುವುದಿಲ್ಲ.

2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಸುಮಾರು ಶೇ. 9.5ರಷ್ಟು ಮಂದಿ ಅರವತ್ತು ದಾಟಿದವರು. ಅವರಿಗೆಂದು 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂದಿತು. ಅದೇ ವರ್ಷ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯ್ದೆಯೂ ಬಂದಿತು. ಇವು ಅಗತ್ಯವೇ. ಆದರೆ ಪಡೆಯುವವರೆಂದು ಹಿರಿಯರನ್ನು ಗುರುತಿಸಿದ ಈ ವ್ಯವಸ್ಥೆ, ಹೇಳುವವರೆಂದು ಗುರುತಿಸಿಲ್ಲ. ವಿಶ್ವಸಂಸ್ಥೆ 1991ರಲ್ಲಿ ಹಿರಿಯರಿಗಾಗಿ ಅಂಗೀಕರಿಸಿದ ತತ್ವಗಳಲ್ಲಿ ಪಾಲನೆಯ ಜೊತೆಗೆ ಪಾಲ್ಗೊಳ್ಳುವಿಕೆಯೂ ಇದೆ ಎಂಬುದನ್ನು ಮರೆಯಬಾರದು.

ಹೊಸ ಕಾನೂನಿಗೆ ಕಾಯಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸ್ಥಳೀಯರೊಂದಿಗೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸುವುದು ಅದರ ಮುಖ್ಯ ಕೆಲಸ. ಆ ಸಮಿತಿಯಲ್ಲಿ ಹಿರಿಯರಿಗೆ, ವಿಶೇಷವಾಗಿ ಕೃಷಿಕ ಮತ್ತು ಕೂಲಿಕಾರ ಮಹಿಳೆಯರಿಗೆ, ಸ್ಥಾನ ಕೊಡಲು ಯಾವ ಅಡ್ಡಿಯೂ ಇಲ್ಲ. ಗ್ರಾಮಸಭೆಯನ್ನು ಏರುದಾರಿಯ ತುದಿಯ ಕಚೇರಿಯಲ್ಲಿ ನಡೆಸುವ ಬದಲು, ಅದಕ್ಕೆ ಮುನ್ನ ಕೇರಿಕೇರಿಯಲ್ಲಿ ಕುಳಿತು ಅವರ ಮಾತು ಬರೆದುಕೊಳ್ಳಬಹುದು.

ವಯಸ್ಸಾದವರ ಮಾತೆಲ್ಲ ಸತ್ಯವೆಂದಲ್ಲ. ನೆನಪು ತಪ್ಪುತ್ತದೆ, ಹಳೆಯದರೊಂದಿಗೆ ಹಳೆಯ ಜಾತಿಭೇದವೂ ನುಸುಳಿ ಬರುತ್ತದೆ. ಆದ್ದರಿಂದಲೇ ವಿದ್ಯಾರ್ಥಿಗಳು ಜೊತೆಗಿರಬೇಕು: ಕೇಳಬೇಕು, ಸ್ಥಳಕ್ಕೆ ಹೋಗಿ ನೋಡಬೇಕು, ಇನ್ನೊಬ್ಬರ ಮಾತಿನೊಂದಿಗೆ ತಾಳೆ ಹಾಕಬೇಕು, ದಾಖಲಿಸಬೇಕು.

ಅಜ್ಜಿ ತೀರಿಕೊಂಡ ಮೇಲೆ ಒರತೆಯ ಜಾಗ ಹುಡುಕಿ ಫಲವಿಲ್ಲ. ಮುಂದಿನ ಗ್ರಾಮಸಭೆಗೆ ಪ್ರತಿ ಮನೆಯಿಂದ ಒಬ್ಬ ಹಿರಿಯರನ್ನು ಕರೆತರೋಣ. ಮೊದಲ ಮಾತು ಅವರದಾಗಲಿ.